ಹಳೆ ಬಟ್ಟೆ ಕಲಿಸುವ ಹೊಸ ವಿನ್ಯಾಸದ ಪಾಠ

ಅಂಗಡಿಯಿಂದ ತಂದ ಹೊಸ ಥಾನು ವಸ್ತ್ರ ವಿನ್ಯಾಸದ ವಿದ್ಯಾರ್ಥಿಗೆ ಎಲ್ಲ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಬೇಕಾದ ಬಣ್ಣ, ಬೇಕಾದ ಅಳತೆ. ಕತ್ತರಿ ತಪ್ಪಿದರೆ ಇನ್ನೊಂದು ಮೀಟರ್ ಸಿಗುತ್ತದೆ. ಹಳೆಯ ಅಂಗಿ ಅಷ್ಟು ಉದಾರಿಯಲ್ಲ. ಅದರ ಅಗಲ ಮೊದಲೇ ನಿಗದಿಯಾಗಿದೆ, ಜೇಬಿನ ಜಾಗದಲ್ಲಿ ಬಣ್ಣ ಗಾಢವಾಗಿ ಉಳಿದಿದೆ, ಕಾಲರ್ ಸವೆದಿದೆ. ಈ ಮಿತಿಗಳೇ ವಿದ್ಯಾರ್ಥಿಯ ಕಲ್ಪನೆಯನ್ನು ಹರಿತಗೊಳಿಸುತ್ತವೆ ಎಂಬ ಕಾರಣಕ್ಕೆ ಹಳೆ ಉಡುಪುಗಳ ಮರುವಿನ್ಯಾಸ ಇಂದು ಫ್ಯಾಷನ್ ಶಿಕ್ಷಣದಲ್ಲಿ ಮಹತ್ವ ಪಡೆದಿದೆ.

ಇದರ ಹಿಂದೆ ಗಂಭೀರ ಕಾರಣವೂ ಇದೆ. ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಉಡುಪು ತಯಾರಿಕೆಗೆ ಬಳಕೆಯಾಗುವ ಕಚ್ಚಾವಸ್ತುವಿನಲ್ಲಿ ಮತ್ತೆ ಉಡುಪಾಗಿ ಮರಳುವುದು ಶೇಕಡಾ 1ಕ್ಕಿಂತ ಕಡಿಮೆ. ಉಡುಪು ಮೈಗೇರುವ ಮುನ್ನ, ಕತ್ತರಿಸುವ ಮೇಜಿನ ಮೇಲೆಯೇ ಬಟ್ಟೆಯ ಒಂದು ಪಾಲು ಚಿಂದಿಯಾಗಿ ಹೋಗುತ್ತದೆ.

ಬಿಚ್ಚುವುದೇ ಮೊದಲ ಪಾಠ

ಮರುವಿನ್ಯಾಸ ಆರಂಭವಾಗುವುದು ಹೊಲಿಗೆಯಿಂದಲ್ಲ, ಹೊಲಿಗೆ ಬಿಚ್ಚುವುದರಿಂದ. ಅಂಗಿಯೊಂದನ್ನು ತಾಳ್ಮೆಯಿಂದ ಬಿಚ್ಚಿದಾಗ ತೋಳಿನ ತುಂಡಿನ ತಲೆಭಾಗ ಏಕೆ ಬಾಗಿದೆ, ಬೆನ್ನಿಗೆ ನೆರಿಗೆ ಏಕೆ ಕೊಟ್ಟಿದ್ದಾರೆ ಎಂಬುದು ಕೈಗೇ ತಿಳಿಯುತ್ತದೆ. ಕಾಲರ್, ಮುಂಗೈ ಮತ್ತು ಕಂಕುಳು ಬೇಗ ಸವೆಯುವ ಜಾಗಗಳು. ಬೆನ್ನಿನ ತುಂಡು ಬಹುಮಟ್ಟಿಗೆ ಗಟ್ಟಿಯಾಗಿ ಉಳಿದಿರುತ್ತದೆ. ಹೊಸ ಉಡುಪಿನ ಮುಖ್ಯ ಭಾಗ ಎಲ್ಲಿಂದ ಬರಬೇಕೆಂಬುದನ್ನು ಹೀಗೆ ಹಳೆ ಬಟ್ಟೆಯೇ ಸೂಚಿಸುತ್ತದೆ.

ಎರಡನೆಯ ಪಾಠ ನೂಲಿನ ಗುರುತು. ಒಂದೆರಡು ಎಳೆಗಳನ್ನು ಚಿಮಟದಲ್ಲಿ ಹಿಡಿದು ಎಚ್ಚರಿಕೆಯಿಂದ ಸುಟ್ಟರೆ ಹತ್ತಿ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆಯ ಎಳೆಗಳನ್ನು ಮತ್ತೆ ಬೇರ್ಪಡಿಸುವುದು ಕಷ್ಟ. ಮರುಬಳಕೆಗೆ ಇರುವ ದೊಡ್ಡ ತೊಡಕುಗಳಲ್ಲಿ ಇದೂ ಒಂದು.

ಇಳಕಲ್ ಸೀರೆಯ ಸವಾಲು

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ಉದಾಹರಣೆಯಾಗಿ ನೋಡಬಹುದು. ಸಾಂಪ್ರದಾಯಿಕ ಸೀರೆಗಳಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಇರುವುದುಂಟು. ಒಡಲಿನ ಮತ್ತು ಸೆರಗಿನ ಹಾಸು ನೂಲುಗಳನ್ನು ಕುಣಿಕೆ ಹಾಕಿ ಜೋಡಿಸುವುದೇ ಈ ನೇಕಾರಿಕೆಯ ವೈಶಿಷ್ಟ್ಯ. ಇಂಥ ಸೀರೆಯಿಂದ ಕುರ್ತಾ ಹೊಲಿಯಹೊರಟ ವಿದ್ಯಾರ್ಥಿಗೆ ಒಂದೇ ಉಡುಪಿನಲ್ಲಿ ಎರಡು ಸ್ವಭಾವಗಳು ಎದುರಾಗುತ್ತವೆ. ಹತ್ತಿ ತಡೆಯುವಷ್ಟು ಇಸ್ತ್ರಿಯ ಬಿಸಿಯನ್ನು ರೇಷ್ಮೆ ತಡೆಯದು. ಎರಡರ ಇಳಿಬೀಳುವಿಕೆಯೂ ಬೇರೆ. ಆ ಕೂಡುಗೆರೆಯನ್ನು ಕತ್ತರಿಸಿ ಎಸೆದರೆ ಸೀರೆಯ ಗುರುತೇ ಅಳಿಯುತ್ತದೆ. ಅದನ್ನು ಉಳಿಸಿ ಕುರ್ತಾದ ಎದೆಗೋ ಸೊಂಟಕ್ಕೋ ತಂದು ನಿಲ್ಲಿಸುವುದರಲ್ಲಿ ವಿನ್ಯಾಸಕಾರನ ಜಾಣ್ಮೆ ಅಡಗಿದೆ.

ಹಳೆಯ ವಸ್ತುವಿನ ಆಕಾರವನ್ನು ಗೌರವಿಸುವ ಈ ಮಾರ್ಗವನ್ನು ಜಾಗತಿಕ ಫ್ಯಾಷನ್ ಕೂಡ ಕಂಡಿದೆ. ಬೆಲ್ಜಿಯಂನ ವಿನ್ಯಾಸಕಾರ ಮಾರ್ಟಿನ್ ಮಾರ್ಜಿಯೆಲಾ 1991ರಲ್ಲಿ ಸೈನಿಕರ ಕಾಲುಚೀಲಗಳನ್ನು ಬಿಚ್ಚಿ ಸ್ವೆಟರ್ ರೂಪಿಸಿದರು. ಹಿಮ್ಮಡಿಗೆಂದು ಹೆಣೆದ ಉಬ್ಬು ಅಲ್ಲಿ ಮೊಣಕೈಗೆ ಒದಗಿತು.

ಆದರೆ ಇದರ ಮೂಲಪಾಠ ನಮ್ಮ ಮನೆಗಳಲ್ಲೇ ಇತ್ತು. ಅಮ್ಮನ ರೇಷ್ಮೆ ಸೀರೆ ಮಗಳ ಲಂಗವಾಗುತ್ತಿತ್ತು. ಹರಿದ ಸೀರೆಗಳು ಉತ್ತರ ಕರ್ನಾಟಕದಲ್ಲಿ ಕೌದಿಯಾಗುತ್ತಿದ್ದವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸುತ್ತ, ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನವರೆಗೆ ಕೈಹೊಲಿಗೆ ಹಾಕುತ್ತಾರೆ. ಇಲ್ಲಿ ಮುಂಗಡ ನಕ್ಷೆಗಿಂತ ಕೈಗೆ ಸಿಕ್ಕ ತುಂಡೇ ಮುಖ್ಯ.

ಪ್ರದರ್ಶನಕ್ಕಷ್ಟೇ ಸೀಮಿತವಾಗದಿರಲಿ

ಹಳೆ ಬಟ್ಟೆಯಿಂದ ಮಾಡಿದ್ದೆಲ್ಲವೂ ಪರಿಸರಸ್ನೇಹಿಯೇ? ಖಂಡಿತ ಅಲ್ಲ. ಒಂದು ಹಳೆ ಸೀರೆಗೆ ಹೊಸ ಲೈನಿಂಗ್, ಹೊಸ ಜಿಪ್, ಪ್ಲಾಸ್ಟಿಕ್ ಮಣಿಗಳನ್ನು ಸೇರಿಸಿ, ವೇದಿಕೆಯ ಮೇಲೆ ಒಮ್ಮೆ ತೋರಿಸಿ ಮೂಲೆಗೆಸೆದರೆ ತ್ಯಾಜ್ಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಇನ್ನೂ ಉಡಬಹುದಾದ ಸೀರೆಯನ್ನು ಕತ್ತರಿಸುವುದು ಉಳಿತಾಯವೂ ಅಲ್ಲ. ದುರಸ್ತಿಯಿಂದ ಬಾಳುವ ಬಟ್ಟೆಗೆ ಸೂಜಿ ದಾರವೇ ಸಾಕು. ಅದು ಸಾಧ್ಯವಿಲ್ಲದಾಗ ಮಾತ್ರ ಕತ್ತರಿ ಹಿಡಿಯಬೇಕು.

ಮೇಲಾಗಿ, ಪ್ರತಿ ಹಳೆ ಉಡುಪಿನ ಸವೆತ, ಅಳತೆ, ಕಲೆ ಬೇರೆಬೇರೆ. ಹಾಗಾಗಿ ಒಂದೇ ಮಾದರಿಯಲ್ಲಿ ಸಾವಿರಾರು ಉಡುಪುಗಳನ್ನು ತಯಾರಿಸುವ ಗಾರ್ಮೆಂಟ್ ಕಾರ್ಖಾನೆಗೆ ಈ ವಿಧಾನ ಸುಲಭವಾಗಿ ಒಗ್ಗುವುದಿಲ್ಲ. ಮರುವಿನ್ಯಾಸವೊಂದರಿಂದಲೇ ಬಟ್ಟೆಯ ರಾಶಿ ಕರಗೀತೆಂಬ ಭರವಸೆ ಬೇಡ.

ಹಾಗಾದರೆ ಈ ಕಲಿಕೆಯ ಫಲವೇನು? ಹತ್ತು ಅಂಗಿಗಳನ್ನು ಬಿಚ್ಚಿದ ವಿದ್ಯಾರ್ಥಿ ಹನ್ನೊಂದನೆಯದನ್ನು ಹೊಸದಾಗಿ ಹೊಲಿಯುವಾಗ ಬೇರೆಯೇ ರೀತಿಯಲ್ಲಿ ಯೋಚಿಸುತ್ತಾನೆ. ಮುಂದೆ ಸಡಿಲಿಸಲು ಅನುವಾಗುವಂತೆ ಹೊಲಿಗೆಯ ಒಳಗೆ ಬಟ್ಟೆ ಬಿಡುತ್ತಾನೆ, ಸಾಧ್ಯವಾದಲ್ಲಿ ಒಂದೇ ಬಗೆಯ ನೂಲನ್ನು ಆರಿಸುತ್ತಾನೆ, ಗುಂಡಿ-ಜಿಪ್ಪುಗಳನ್ನು ಸುಲಭವಾಗಿ ಬದಲಿಸುವಂತೆ ಜೋಡಿಸುತ್ತಾನೆ. ಊರಿನ ದರ್ಜಿಗಳು ಮಕ್ಕಳ ಬಟ್ಟೆಗೆ ಹಿಂದಿನಿಂದಲೂ ಅನುಸರಿಸುತ್ತಿದ್ದ ವಿವೇಕವೂ ಇದೇ. ನಾಳೆ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಕೂರುವ ವಿದ್ಯಾರ್ಥಿ ಇದನ್ನು ಮರೆಯದಿದ್ದರೆ, ಇಂದು ಬಿಚ್ಚಿದ ಒಂದು ಅಂಗಿಯ ಪಾಠ ಸಾವಿರಾರು ಅಂಗಿಗಳ ಆಯುಸ್ಸನ್ನು ಹೆಚ್ಚಿಸಬಲ್ಲದು.