ಅಣುತ್ಯಾಜ್ಯಕ್ಕೆ ಜೇಡಿಮಣ್ಣಿನ ಕಾವಲು

ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ ಸೀಮೆಯ ಎರೆಹೊಲಗಳ ಗುಣ ಅಲ್ಲಿನ ರೈತಮಕ್ಕಳಿಗೆ ತಿಳಿದದ್ದೇ. ಬೇಸಿಗೆಯಲ್ಲಿ ಬಾಯ್ದೆರೆದು ಬಿರುಕು ಬಿಡುವ ಆ ಮಣ್ಣು, ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಕಟ್ಟಿದ ಮನೆಗಳ ಗೋಡೆ ಸೀಳುವುದೂ ಈ ಗುಣದಿಂದಲೇ. ಮನೆ ಕಟ್ಟುವವರಿಗೆ ತೊಡಕಾದ ಇದೇ ಗುಣ, ಅಣುವಿದ್ಯುತ್ ಸ್ಥಾವರಗಳ ತ್ಯಾಜ್ಯವನ್ನು ಭೂಗರ್ಭದಲ್ಲಿ ಹುದುಗಿಸುವವರಿಗೆ ವರವಾಗಿದೆ.

ಬಳಸಿ ತೆಗೆದ ಅಣು ಇಂಧನವನ್ನು ಜೀವಿಗಳಿಂದ ಸುಮಾರು ಒಂದು ಲಕ್ಷ ವರ್ಷ ದೂರವಿರಿಸಬೇಕು. ಅಷ್ಟು ಕಾಲ ಕಾವಲು ಕಾಯುವೆವೆಂದು ಯಾವ ಸರ್ಕಾರವೂ ಮಾತು ಕೊಡಲಾರದು. ಆದ್ದರಿಂದ ಮನುಷ್ಯನ ನೆರವಿಲ್ಲದೆ ಕೆಲಸ ಮಾಡುವ ತಡೆ ಬೇಕು. ಭೂಗರ್ಭದಲ್ಲಿ ಮುಖ್ಯ ಶತ್ರು ನೀರು. ಬಂಡೆಯ ಸೀಳುಗಳಲ್ಲಿ ಹರಿಯುವ ಅಂತರ್ಜಲವೇ ವಿಷವನ್ನು ಮೇಲಕ್ಕೆ ತರಬಲ್ಲದು.

ಫಿನ್ಲೆಂಡಿನ ಓಲ್ಕಿಲುವೊಟೊ ದ್ವೀಪದಲ್ಲಿ 'ಓಂಕಾಲೊ' ಎಂಬ ನೆಲೆಯನ್ನು ಅಗೆಯುವ ಕೆಲಸ 2004ರಲ್ಲಿ ಆರಂಭವಾಯಿತು. ಸುಮಾರು 190 ಕೋಟಿ ವರ್ಷ ಹಳೆಯ ಬಂಡೆಯಲ್ಲಿ, 400 ಮೀಟರಿಗೂ ಹೆಚ್ಚು ಆಳದಲ್ಲಿ ಸುರಂಗಗಳಿವೆ. ಸ್ವೀಡನ್ನಿನಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಇಂಧನವನ್ನು ಎರಕದ ಕಬ್ಬಿಣದೊಳಗಿರಿಸಿ, ಸುಮಾರು 5 ಸೆಂ.ಮೀ. ದಪ್ಪದ ತಾಮ್ರದ ಪೀಪಾಯಿಯಲ್ಲಿ ಮುಚ್ಚಲಾಗುತ್ತದೆ. ಸುರಂಗದ ನೆಲದಲ್ಲಿ ಕೊರೆದ ಗುಂಡಿಗೆ ಪೀಪಾಯಿಯನ್ನು ಇಳಿಸಿ, ಸುತ್ತಲೂ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಒತ್ತಿದ ದಿಮ್ಮಿಗಳನ್ನು ಇರಿಸಲಾಗುತ್ತದೆ. ಬಳಿಕ ಇಡೀ ಸುರಂಗವನ್ನು ಜೇಡಿಮಣ್ಣಿನಿಂದ ತುಂಬಿ, ಬಾಯಿಗೆ ಕಾಂಕ್ರೀಟ್ ಗೋಡೆ ಕಟ್ಟಬೇಕು.

ಬೆಂಟೊನೈಟ್ ಮುಖ್ಯವಾಗಿ ಜ್ವಾಲಾಮುಖಿಯ ಬೂದಿ ಮಾರ್ಪಟ್ಟು ಉಂಟಾದ ಮಣ್ಣು. ಎರೆಮಣ್ಣನ್ನು ಉಬ್ಬಿಸುವ ಖನಿಜಗಳ ಬಳಗಕ್ಕೆ ಸೇರಿದ ಮಾಂಟ್‌ಮೊರಿಲೊನೈಟ್ ಇದರಲ್ಲಿ ಹೇರಳವಾಗಿದೆ. ಅದರ ಅತಿ ತೆಳುವಾದ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಾಗ ಸುತ್ತಲೂ ಒತ್ತಿ, ಸಂದುಗಳನ್ನೆಲ್ಲ ಮುಚ್ಚುತ್ತದೆ. ಆಮೇಲೆ ಅದರೊಳಗೆ ನೀರು ಹರಿಯುವುದು ಬಹುತೇಕ ನಿಂತು, ಕರಗಿದ ವಸ್ತುಗಳು ಅತ್ಯಂತ ನಿಧಾನವಾಗಿ ಮಾತ್ರ ಪಸರಿಸುತ್ತವೆ. ಹಲವು ವಿಕಿರಣಶೀಲ ಧಾತುಗಳು ಮಣ್ಣಿನ ಕಣಗಳಿಗೇ ಅಂಟಿಕೊಳ್ಳುತ್ತವೆ. ತಾಮ್ರವನ್ನು ತಿನ್ನುವ ಸಲ್ಫೈಡ್ ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೂ ಬಿಗಿಯಾದ ಮಣ್ಣಿನಲ್ಲಿ ಬೆಳೆಯುವುದು ಕಷ್ಟ.

ಹಾಗಾದರೆ ಸುರಂಗವನ್ನೂ ಏಕೆ ತುಂಬಬೇಕು? ಗುಂಡಿಯಲ್ಲಿನ ಮಣ್ಣು ಉಬ್ಬಿದಾಗ ಮೇಲಕ್ಕೂ ತಳ್ಳುತ್ತದೆ. ಮೇಲಿನ ಸುರಂಗ ಖಾಲಿಯಿದ್ದರೆ ಅದು ಅಲ್ಲಿಗೆ ಉಕ್ಕಿ, ಪೀಪಾಯಿಯ ಸುತ್ತ ಸಡಿಲವಾಗುತ್ತದೆ. ಬಿಗಿ ತಪ್ಪಿದರೆ ಕಾವಲೂ ತಪ್ಪಿತು. ಸುರಂಗದ ತುಂಬುಮಣ್ಣು ಕೆಳಗಿನ ಮಣ್ಣನ್ನು ಮುಚ್ಚಳದಂತೆ ಅದುಮಿ ಹಿಡಿಯುತ್ತದೆ. ಜೊತೆಗೆ ಸುರಂಗವೇ ನೀರಿನ ಕಾಲುವೆಯಾಗದಂತೆ ತಡೆಯುತ್ತದೆ.

ಈ ಮಣ್ಣಿಗೂ ಮಿತಿಗಳಿವೆ. ಅತಿ ಶಾಖ ಅದರ ಗುಣವನ್ನು ಕೆಡಿಸಬಲ್ಲದು. ಆದ್ದರಿಂದ ಇಂಧನವನ್ನು ಮೊದಲು ದಶಕಗಳ ಕಾಲ ನೀರಿನ ಕೊಳಗಳಲ್ಲಿ ತಣಿಸಿ, ಹುದುಗಿಸುವಾಗ ಮಣ್ಣಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಮೀರದಂತೆ ಪೀಪಾಯಿಗಳ ನಡುವೆ ಅಂತರವಿಡಲಾಗುತ್ತದೆ. ತುಂಬುವ ಹೊತ್ತಿನಲ್ಲೇ ನೀರು ರಭಸದಿಂದ ನುಗ್ಗಿದರೆ ಮಣ್ಣು ಕೊಚ್ಚಿಹೋಗಬಹುದು. ಮುಂದಿನ ಹಿಮಯುಗದ ಬಳಿಕ ಉಪ್ಪಿನಂಶವಿಲ್ಲದ ಕರಗುನೀರು ಆಳಕ್ಕಿಳಿದರೂ ಅದೇ ಭಯ. ತಾಮ್ರ, ಮಣ್ಣು, ಬಂಡೆ ಮೂರನ್ನೂ ಒಟ್ಟಿಗೆ ನೆಚ್ಚಿರುವುದು ಇದಕ್ಕಾಗಿಯೇ.

ಪ್ರಕೃತಿಯಲ್ಲೂ ಇದಕ್ಕೆ ನಿದರ್ಶನವಿದೆ. ಕೆನಡಾದ ಸಿಗಾರ್ ಲೇಕ್‌ನಲ್ಲಿ ಸುಮಾರು 130 ಕೋಟಿ ವರ್ಷ ಹಳೆಯ ಯುರೇನಿಯಂ ಅದಿರು 400 ಮೀಟರಿಗೂ ಹೆಚ್ಚು ಆಳದಲ್ಲಿ ಜೇಡಿಮಣ್ಣಿನ ಹೊದಿಕೆಯೊಳಗಿದೆ. ಅದರ ಸುಳಿವು ನೆಲದ ಮೇಲೆ ಸಿಕ್ಕಿರಲಿಲ್ಲ.

ಭಾರತ ಬಳಸಿದ ಇಂಧನವನ್ನು ಸಂಸ್ಕರಿಸಿ, ಉಳಿದ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿಡುವ ಮಾರ್ಗ ಹಿಡಿದಿದೆ. ನಮ್ಮಲ್ಲಿ ಆಳದ ಶಾಶ್ವತ ನೆಲೆ ಇನ್ನೂ ಇಲ್ಲ. ಶಾಖಕ್ಕೆ ಬಂಡೆ ಹೇಗೆ ವರ್ತಿಸುವುದೆಂದು ತಿಳಿಯಲು ಕೋಲಾರದ ಚಿನ್ನದ ಗಣಿಯ ಕೈಬಿಟ್ಟ ಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಹಿಂದೆ ಪ್ರಯೋಗ ನಡೆದಿತ್ತು. ಅಲ್ಲಿ ಇರಿಸಿದ್ದು ಹೀಟರುಗಳನ್ನು, ತ್ಯಾಜ್ಯವನ್ನಲ್ಲ.

ಓಲ್ಕಿಲುವೊಟೊ ಸೇರಿರುವ ಎವುರಯೋಕಿಯ ಸ್ಥಳೀಯ ಆಡಳಿತಕ್ಕೆ ಯೋಜನೆಯನ್ನು ನಿರಾಕರಿಸುವ ಅಧಿಕಾರ ಕಾನೂನಿನಲ್ಲೇ ಇತ್ತು. 2000ದಲ್ಲಿ ಅದು ಚರ್ಚಿಸಿ ಒಪ್ಪಿಗೆಯಿತ್ತಿತು. ತಿಳಿದು ಒಪ್ಪುವುದಕ್ಕೂ ತಿಳಿದು ನಿರಾಕರಿಸುವುದಕ್ಕೂ ತಿಳಿವಳಿಕೆಯೇ ಮೊದಲು ಬೇಕು. ಅದು ಮಕ್ಕಳಿಗೆ ತಾಯ್ನುಡಿಯಲ್ಲಿ, ತಮ್ಮ ಹೊಲದ ಮಣ್ಣಿನ ಉದಾಹರಣೆಯಿಂದಲೇ ದೊರೆತರೆ ಮನಸ್ಸಿನಲ್ಲಿ ನಿಲ್ಲುತ್ತದೆ.