ತಂತಿ ತೊಟ್ಟ ಹಲ್ಲುಗಳ ಆರೈಕೆ

ಮಗಳ ವಕ್ರದಂತಗಳಿಗೆ ಕ್ಲಿಪ್ ಹಾಕಿಸಿದ ದಿನ ಮನೆಯವರೆಲ್ಲರ ಚಿಂತೆ ನೋವಿನದು. ಆ ನೋವು ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಇಳಿಯುತ್ತದೆ. ನಿಜವಾಗಿ ಚಿಂತಿಸಬೇಕಾದುದು ಒಂದೆರಡು ವರ್ಷಗಳ ಅನಂತರ ತಂತಿ ಕಳಚುವ ದಿನವನ್ನು ಕುರಿತು. ಹಲ್ಲುಗಳು ಮುತ್ತು ಪೋಣಿಸಿದಂತೆ ನಿಂತಿರುತ್ತವೆ. ಆದರೆ ಕೆಲವರಲ್ಲಿ ಬಿಲ್ಲೆಗಳಿದ್ದ ಜಾಗದ ಸುತ್ತ ಸುಣ್ಣ ಬಳಿದಂತೆ ಬಿಳಿಯ ಕಲೆಗಳು ಉಳಿದಿರುತ್ತವೆ!

ಹಿಂದೆ ಪ್ರತಿಯೊಂದು ಹಲ್ಲಿಗೂ ಲೋಹದ ಪಟ್ಟಿ ಸುತ್ತುತ್ತಿದ್ದರು. 1955ರಲ್ಲಿ ಅಮೆರಿಕದ ದಂತವಿಜ್ಞಾನಿ ಮೈಕೆಲ್ ಬ್ಯುನೊಕೋರ್, ಎನಾಮೆಲನ್ನು ಆಮ್ಲದಿಂದ ತುಸು ಒರಟಾಗಿಸಿದರೆ ರಾಳ ಅದಕ್ಕೆ ಬಿಗಿಯಾಗಿ ಅಂಟುವುದೆಂದು ತೋರಿಸಿದರು. ಇಂದಿನ ಪುಟ್ಟ ಬಿಲ್ಲೆಗಳನ್ನು ಹಲ್ಲಿಗೆ ನೇರವಾಗಿ ಅಂಟಿಸುವ ವಿಧಾನಕ್ಕೆ ಅದೇ ಮೂಲ.

ಈ ಬಿಲ್ಲೆಯ ಅಂಚಿನಲ್ಲಿಯೇ ಅನ್ನದ ಅಗುಳು, ಬಿಸ್ಕತ್ತಿನ ಹಿಟ್ಟು ನಿಲ್ಲುತ್ತವೆ. ಹಲ್ಲಿನ ಮೇಲಿನ ಲೋಳೆಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆಮ್ಲವು ಎನಾಮೆಲಿನ ಸುಣ್ಣದಂಶವನ್ನು ಕರಗಿಸುತ್ತದೆ. ಅಲಕ್ಷ್ಯ ಮಾಡಿದರೆ ಒಂದು ತಿಂಗಳಲ್ಲಿಯೇ ಕಲೆ ಮೂಡಬಹುದು.

ಆದ್ದರಿಂದ ಪ್ರತಿ ಊಟದ ಅನಂತರ ಬಾಯಿ ಮುಕ್ಕಳಿಸುವುದು ಮೊದಲ ಪಾಠ. ಬೆಳಿಗ್ಗೆ ಮತ್ತು ಮಲಗುವ ಮುನ್ನ ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜಬೇಕು. ಮೊದಲು ಒಸಡಿನ ಅಂಚು. ಬಳಿಕ ತಂತಿಯ ಮೇಲುಭಾಗದಿಂದ ಕೆಳಮುಖವಾಗಿ, ಕೆಳಭಾಗದಿಂದ ಮೇಲ್ಮುಖವಾಗಿ ಬ್ರಷ್ಷನ್ನು ಓರೆಯಾಗಿ ಹಿಡಿದು ಉಜ್ಜುವುದು. ಕೊನೆಗೆ ಒಳಬದಿ ಮತ್ತು ಅಗಿಯುವ ಭಾಗ. ತಂತಿಯಡಿಯ ಸಂದುಗಳಿಗೆ ಸೀಸೆ ತೊಳೆಯುವ ಕುಂಚದಂತಿರುವ ಕಿರುಬ್ರಷ್ ಬೇಕು. ಬೇವಿನಕಡ್ಡಿ ಅಲ್ಲಿಗೆ ತಲುಪದು. ಇದ್ದಿಲಿನ ಪುಡಿ ಎನಾಮೆಲನ್ನು ಸವೆಸೀತು. ಫ್ಲೋರೈಡ್ ಇರುವ ಪೇಸ್ಟೇ ಲೇಸು. ನೊರೆ ಉಗುಳಿದ ಮೇಲೆ ಧಾರಾಳವಾಗಿ ಮುಕ್ಕಳಿಸದಿದ್ದರೆ ಅದರ ಗುಣ ಹಲ್ಲಿನ ಮೇಲೆ ಉಳಿಯುತ್ತದೆ.

ತಿಂಡಿಯಲ್ಲಿಯೂ ಸಂಯಮ ಅಗತ್ಯ. ಚಕ್ಕುಲಿ, ಕೋಡುಬಳೆ, ಕಡಲೆಕಾಯಿ ಚಿಕ್ಕಿ, ಸಂಕ್ರಾಂತಿಯ ಕಬ್ಬು, ಇವು ಬಿಲ್ಲೆಯನ್ನು ಕಿತ್ತುಬಿಡಬಲ್ಲವು. ಚಿಕಿತ್ಸೆಯೂ ಅಷ್ಟು ದಿನ ಮುಂದೆ ಹೋಗುತ್ತದೆ. ಸೀಬೆಹಣ್ಣನ್ನು ಕಚ್ಚದೆ ಸಣ್ಣಗೆ ಹೆಚ್ಚಿ ತಿನ್ನಬಹುದು.

ಕೆನ್ನೆಯ ಒಳಭಾಗ ಉಜ್ಜಿ ಹುಣ್ಣಾದರೆ, ವೈದ್ಯರು ಕೊಡುವ ಮೇಣವನ್ನು ಕಡಲೆಕಾಳಿನಷ್ಟು ಉಂಡೆಮಾಡಿ, ಬಿಲ್ಲೆಯ ತೇವ ಒರೆಸಿ ಅದರ ಮೇಲೆ ಒತ್ತಬೇಕು. ಉಗುರುಬೆಚ್ಚಗಿನ ಉಪ್ಪುನೀರು ಹುಣ್ಣಿಗೆ ಹಿತ. ತಂತಿಯ ತುದಿ ಚುಚ್ಚಿದರೆ ಅದಕ್ಕೂ ಮೇಣ ಮುಚ್ಚಿ ವೈದ್ಯರಲ್ಲಿಗೆ ಹೋಗುವುದೇ ಸರಿ. ಬಿಲ್ಲೆಯನ್ನು ಮನೆಯಲ್ಲಿ ಅಂಟಿಸುವ ಸಾಹಸ ಸಲ್ಲದು.

ತಿಂಗಳಿಗೊಮ್ಮೆ ಕೆಲವು ನಿಮಿಷ ಹಲ್ಲು ನೋಡುವವರು ವೈದ್ಯರು. ದಿನವೂ ನೋಡುವವರು ಮನೆಯವರು. ರಾತ್ರಿ ನಿದ್ದೆಗಣ್ಣಿನಲ್ಲಿ ಹಾಸಿಗೆಗೆ ಜಾರುವ ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ, “ಎಲ್ಲಿ, ಹಲ್ಲು ತೋರಿಸು” ಎನ್ನುವ ತಾಯಿಯ ಒಂದು ಮಾತಿನಿಂದ ಎಷ್ಟೋ ಕಲೆಗಳು ಹುಟ್ಟುವ ಮುನ್ನವೇ ತಪ್ಪುತ್ತವೆ.