ಮಾರಾಟ ತೆರಿಗೆಯಿಂದ ಸಮುದಾಯ ಸೇವೆಗೆ: ಲಾಸ್ ಏಂಜಲೀಸ್ ಕೌಂಟಿಯ ಹಂಚಿಕೆ ವಿಧಾನ

ಗ್ರಾಹಕರಿಂದ ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟಿದ ತೆರಿಗೆಯು ಕೊನೆಗೆ ಯಾವ ಕಾರ್ಯಕ್ಕೆ ವಿನಿಯೋಗವಾಯಿತು ಎಂಬುದು ವರ್ತಕ ಬಾಂಧವರು ಆಗಾಗ್ಗೆ ಕೇಳುವ ಪ್ರಶ್ನೆ. ನಮ್ಮ ಸರಕು ಮತ್ತು ಸೇವಾ ತೆರಿಗೆಯ ಬಿಲ್ಲನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ತೆರಿಗೆಯ ದರವನ್ನೇ ಬಿಡಿಸಿ, ಯಾವ ಭಾಗ ಯಾವ ಸೇವೆಗೆ ಮೀಸಲು ಎಂದು ತೋರಿಸಬಹುದು. ಆ ವ್ಯವಸ್ಥೆಯನ್ನೂ ಅದರಲ್ಲಿ ಕಂಡುಬಂದ ಒಂದು ಲೋಪವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಸಂಗ್ರಹಣೆಯ ಕ್ರಮ

ಕೌಂಟಿ ಎಂಬುದು ಸ್ಥೂಲವಾಗಿ ನಮ್ಮ ಜಿಲ್ಲೆಯನ್ನು ಹೋಲುವ ಘಟಕ. ಆದರೆ ಅದರ ಆಡಳಿತ ಚುನಾಯಿತ ಮೇಲ್ವಿಚಾರಕ ಮಂಡಳಿಯ ಕೈಯಲ್ಲಿರುತ್ತದೆ. ಲಾಸ್ ಏಂಜಲೀಸ್ ಕೌಂಟಿಯ ವ್ಯಾಪ್ತಿಯಲ್ಲಿ 88 ನಗರಗಳಿವೆ. ಅಲ್ಲಿನ ಮಾರಾಟ ತೆರಿಗೆ ಚಿಲ್ಲರೆ ಮಾರಾಟದ ಹಂತದಲ್ಲಿ ಮಾತ್ರ ಅನ್ವಯವಾಗುತ್ತದೆ. ಮರುಮಾರಾಟಕ್ಕಾಗಿ ಕೊಳ್ಳುವ ವರ್ತಕರು ಅದಕ್ಕೆ ಸಂಬಂಧಿಸಿದ ಪ್ರಮಾಣಪತ್ರವನ್ನು ನೀಡಿ ತೆರಿಗೆ ತೆರದೆ ಸರಕು ಪಡೆಯುತ್ತಾರೆ. ಆದ್ದರಿಂದ ನಮ್ಮಲ್ಲಿರುವಂತೆ ಹೂಡುವಳಿ ತೆರಿಗೆ ಜಮೆಯ ಸರಪಳಿ ಅಲ್ಲಿಲ್ಲ. ಅಂಗಡಿಯವರು ರಾಜ್ಯದ ತೆರಿಗೆ ಇಲಾಖೆಗೆ ವಿವರಪತ್ರ ಸಲ್ಲಿಸಿ ಹಣ ಕಟ್ಟುತ್ತಾರೆ. ಕೌಂಟಿ, ನಗರ ಮತ್ತು ಸಾರಿಗೆ ಸಂಸ್ಥೆಗಳ ಪಾಲನ್ನು ವಿಂಗಡಿಸುವ ಹೊಣೆ ರಾಜ್ಯದ್ದು.

ಒಂದು ಬಿಲ್ಲಿನ ವಿಭಜನೆ

2025ರ ಏಪ್ರಿಲ್ 1ರಿಂದ ಈ ಕೌಂಟಿಯ ಸಾಮಾನ್ಯ ದರ ಶೇ. 9.75 ಆಯಿತು. ಕೆಲವು ನಗರಗಳು ಇದರ ಮೇಲೆ ತಮ್ಮದೇ ಹೆಚ್ಚುವರಿ ತೆರಿಗೆ ವಿಧಿಸಿವೆ. ಸಾಮಾನ್ಯ ದರವಿರುವ ಒಂದು ನಗರದಲ್ಲಿ 10,000 ಡಾಲರ್ ಬೆಲೆಯ ಪೀಠೋಪಕರಣ ಮಾರಾಟವಾಯಿತೆಂದು ಇಟ್ಟುಕೊಳ್ಳೋಣ. ಆಗ ತೆರಿಗೆ 975 ಡಾಲರ್. ಅದರ ಹಂಚಿಕೆ ಹೀಗೆ:

1. ರಾಜ್ಯದ ಸಾಮಾನ್ಯ ನಿಧಿಗೆ 393.75 ಡಾಲರ್.
2. 1991ರ ವ್ಯವಸ್ಥೆಯಂತೆ ಸ್ಥಳೀಯ ಆರೋಗ್ಯ, ಮಾನಸಿಕ ಆರೋಗ್ಯ ಮತ್ತು ಸಮಾಜ ಸೇವೆಗಳಿಗೆ 50 ಡಾಲರ್.
3. 1993ರಲ್ಲಿ ಮತದಾರರು ಅಂಗೀಕರಿಸಿದಂತೆ ಸ್ಥಳೀಯ ಸಾರ್ವಜನಿಕ ಸುರಕ್ಷತೆಗೆ 50 ಡಾಲರ್.
4. 2011ರಲ್ಲಿ ರಾಜ್ಯವು ಕೌಂಟಿಗಳಿಗೆ ವರ್ಗಾಯಿಸಿದ ಮಕ್ಕಳ ರಕ್ಷಣೆ, ಮಾನಸಿಕ ಆರೋಗ್ಯ, ಅಪರಾಧಿಗಳ ಮೇಲ್ವಿಚಾರಣೆ ಮೊದಲಾದ ಹೊಣೆಗಳಿಗೆ 106.25 ಡಾಲರ್.
5. ಮಾರಾಟ ನಡೆದ ನಗರಕ್ಕೆ 100 ಡಾಲರ್.
6. ಕೌಂಟಿಯ ಸಾರಿಗೆ ನಿಧಿಗೆ 25 ಡಾಲರ್.
7. 1980, 1990, 2008 ಮತ್ತು 2016ರಲ್ಲಿ ಅಂಗೀಕಾರವಾದ, ತಲಾ ಶೇ. 0.5ರ ನಾಲ್ಕು ಸಾರಿಗೆ ತೆರಿಗೆಗಳಿಂದ 200 ಡಾಲರ್.
8. ನಿರ್ವಸತಿಗರ ಸೇವೆ ಮತ್ತು ವಸತಿಗೆ 50 ಡಾಲರ್.

ಐದನೆಯ ಬಾಬನ್ನು ಗಮನಿಸಬೇಕು. ಈ ಹಣ ಮಾರಾಟದ ಸ್ಥಳವನ್ನು ಅನುಸರಿಸುತ್ತದೆ. ಹೀಗಾಗಿ ದೊಡ್ಡ ಮಳಿಗೆಗಳನ್ನೂ ಕಾರು ಮಾರಾಟಗಾರರನ್ನೂ ತಮ್ಮ ಎಲ್ಲೆಯೊಳಗೆ ಸೆಳೆಯಲು ನಗರಗಳು ಪೈಪೋಟಿ ನಡೆಸುತ್ತವೆ. ಮಳಿಗೆಗಳಿಲ್ಲದ ವಸತಿ ಪ್ರದೇಶದ ನಗರಕ್ಕೆ ಇದರಿಂದ ದೊರೆಯುವುದು ಅಲ್ಪ.

ನಿರ್ವಸತಿಗರ ತೆರಿಗೆ

ಕೊನೆಯ ಬಾಬಿನ ಇತಿಹಾಸ ಬೋಧಪ್ರದವಾಗಿದೆ. 2017ರ ಮಾರ್ಚ್‌ನಲ್ಲಿ ಮೇಲ್ವಿಚಾರಕ ಮಂಡಳಿಯು ಶೇ. 0.25ರ ತೆರಿಗೆಯನ್ನು, ಹತ್ತು ವರ್ಷದ ಅವಧಿಗೆ, ಮತದಾರರ ಮುಂದಿಟ್ಟಿತು. ಮಂಡಳಿಯು ಪ್ರಸ್ತಾಪಿಸುವ ಇಂತಹ ವಿಶೇಷ ತೆರಿಗೆಗೆ ಮೂರನೇ ಎರಡರಷ್ಟು ಮತ ಬೇಕು; ಅದು ದೊರೆಯಿತು. 2024ರ ನವೆಂಬರ್‌ನಲ್ಲಿ ನಾಗರಿಕರೇ ಸಹಿ ಸಂಗ್ರಹಿಸಿ ತಂದ ಪ್ರಸ್ತಾಪವು ಸರಳ ಬಹುಮತದಿಂದ ಅಂಗೀಕಾರವಾಗಿ, ಹಳೆಯ ತೆರಿಗೆಯ ಸ್ಥಾನದಲ್ಲಿ ಶೇ. 0.5ರ ತೆರಿಗೆ ಬಂದಿತು. ಇದಕ್ಕೆ ಕಾಲಮಿತಿ ಇಲ್ಲ, ಮತದಾರರೇ ರದ್ದುಪಡಿಸಬೇಕು.

ಈ ಹಣದ ಹಂಚಿಕೆಯೂ ಶಾಸನದಲ್ಲೇ ನಮೂದಾಗಿದೆ: ನಿರ್ವಸತಿಗರ ಸಮಗ್ರ ಸೇವೆಗಳಿಗೆ ಶೇ. 60, ಕೌಂಟಿಯ ಕೈಗೆಟುಕುವ ವಸತಿ ಸಂಸ್ಥೆಗೆ ಶೇ. 35.75, ಸ್ಥಳೀಯ ವಸತಿ ನಿರ್ಮಾಣಕ್ಕೆ ಶೇ. 3, ಉತ್ತರದಾಯಿತ್ವ, ಅಂಕಿಅಂಶ ಮತ್ತು ಸಂಶೋಧನೆಗೆ ಶೇ. 1.25. ಸಮಗ್ರ ಸೇವೆಗಳ ಪಾಲಿನಲ್ಲಿ ಕನಿಷ್ಠ ಶೇ. 15 ಭಾಗವು ಸ್ಥಳೀಯ ಪರಿಹಾರ ನಿಧಿಯ ಮೂಲಕ ನಗರಗಳಿಗೂ ನಗರ ವ್ಯಾಪ್ತಿಯ ಹೊರಗಿನ ಪ್ರದೇಶಗಳಿಗೂ ಸಲ್ಲಬೇಕು.

ಮುಂಗಡ ಮತ್ತು ವಸೂಲಾತಿ

ಇಷ್ಟು ಸ್ಪಷ್ಟವಾದ ಮೀಸಲು ಇದ್ದರೂ ಲೆಕ್ಕ ಸರಿಯಾಗಿತ್ತೇ? 2017ರ ತೆರಿಗೆಯ ಹಣದಲ್ಲಿ ಒಂದು ಭಾಗವು, ನಗರ ಮತ್ತು ಕೌಂಟಿ ಜಂಟಿಯಾಗಿ ರಚಿಸಿದ್ದ ಪ್ರಾಧಿಕಾರವೊಂದರ ಮೂಲಕ ಸೇವಾ ಸಂಸ್ಥೆಗಳಿಗೆ ತಲಪುತ್ತಿತ್ತು. ಕೌಂಟಿಯ ಲೆಕ್ಕಪರಿಶೋಧಕರು 2024ರ ನವೆಂಬರ್‌ನಲ್ಲಿ ನೀಡಿದ ವರದಿಯು, ಪ್ರಾಧಿಕಾರವು ಸಂಸ್ಥೆಗಳಿಗೆ ಸಕಾಲದಲ್ಲಿ ಹಣ ಪಾವತಿಸುತ್ತಿರಲಿಲ್ಲವೆಂದೂ ವರ್ಷಗಳ ಹಿಂದೆ ಕೊಟ್ಟ ದುಡಿಯುವ ಬಂಡವಾಳದ ಮುಂಗಡವನ್ನು ಬಹುಪಾಲು ವಸೂಲು ಮಾಡಿರಲಿಲ್ಲವೆಂದೂ ತಿಳಿಸಿತು. ಹೊಸ ತೆರಿಗೆ ಆರಂಭವಾದ 2025ರ ಏಪ್ರಿಲ್ 1ರಂದೇ ಮೇಲ್ವಿಚಾರಕ ಮಂಡಳಿಯು ಕೌಂಟಿಯ ಹಣವನ್ನು ಆ ಪ್ರಾಧಿಕಾರದಿಂದ ಹಿಂಪಡೆದು, ತನ್ನದೇ ಹೊಸ ಇಲಾಖೆಯನ್ನು ರಚಿಸಲು ತೀರ್ಮಾನಿಸಿತು.

ವ್ಯಾಪಾರಸ್ಥರಿಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟ ಮುಂಗಡವನ್ನು ಖಾತೆಯಲ್ಲಿ ಬರೆದಿಟ್ಟ ಮಾತ್ರಕ್ಕೆ ಸರಕು ಬಂದಂತಾಗುವುದಿಲ್ಲ. ಮೀಸಲು ಹಣ ಯಾವ ಚೀಲಕ್ಕೆ ಬಿತ್ತೆಂಬುದನ್ನು ಕಾನೂನು ನಿಗದಿಪಡಿಸಬಲ್ಲದು. ಆ ಚೀಲದಿಂದ ಸೇವೆ ಹೊರಬಂದಿತೇ ಎಂಬುದನ್ನು ತಿಳಿಸುವುದು ತಾಳೆ ನೋಡಿದ ಲೆಕ್ಕವೇ.

ನಮಗೆ ಅನ್ವಯ

ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳ ಆಕ್ಟ್ರಾಯ್ 1979ರಲ್ಲಿ ರದ್ದಾಗಿ ಪ್ರವೇಶ ತೆರಿಗೆ ಬಂದಿತು; 2017ರಲ್ಲಿ ಅದೂ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ಇಂದು ನಮ್ಮ ನಗರಸಭೆಗಳು ಆಸ್ತಿ ತೆರಿಗೆ, ಪರವಾನಗಿ ಶುಲ್ಕ ಮತ್ತು ಅನುದಾನಗಳನ್ನು ಅವಲಂಬಿಸಿವೆ. ಆದ್ದರಿಂದ ಲಾಸ್ ಏಂಜಲೀಸಿನ ದರಗಳನ್ನು ಇಲ್ಲಿ ಅನುಕರಿಸುವ ಪ್ರಶ್ನೆ ಏಳುವುದಿಲ್ಲ. ಆದರೆ ಅಲ್ಲಿನ ಲೆಕ್ಕಪರಿಶೋಧಕರು ಕೇಳಿದ ಪ್ರಶ್ನೆಗಳನ್ನು ನಾವೂ ಕೇಳಬಹುದು. ಸ್ಥಳೀಯ ಆಯವ್ಯಯದ ಬಗ್ಗೆ ಮನವಿ ಸಲ್ಲಿಸುವಾಗ, ಎಷ್ಟು ಹಣ ಬಿಡುಗಡೆಯಾಯಿತು ಎಂಬುದರೊಡನೆ ಎಷ್ಟು ಮುಂಗಡ ಇತ್ಯರ್ಥವಾಗದೆ ಉಳಿದಿದೆ, ಹಿಂದಿನ ಲೆಕ್ಕಪರಿಶೋಧನಾ ಆಕ್ಷೇಪಗಳಲ್ಲಿ ಎಷ್ಟು ತೀರಿವೆ ಎಂಬುದನ್ನೂ ಲಿಖಿತವಾಗಿ ಕೇಳುವುದು ಉಚಿತ. ತೆರಿಗೆ ಸಂಗ್ರಹಿಸಿ ಕೊಡುವವರು ನಾವಾಗಿರುವಾಗ ಈ ಪ್ರಶ್ನೆ ಕೇಳುವ ಅಧಿಕಾರವೂ ನಮಗಿದೆ.